ಜ್ವರ ಬರಿಸಿ ಗೆಡ್ಡೆ ಕರಗಿಸಲು ಹೊರಟ ವೈದ್ಯ ವಿಲಿಯಂ ಕೋಲಿ

ಕ್ಯಾನ್ಸರ್‌ಗೆ ಕೊಡುವ ಇಮ್ಯುನೋಥೆರಪಿ ನಮ್ಮದೇ ರೋಗನಿರೋಧಕ ಶಕ್ತಿಯನ್ನು ಬಳಸುತ್ತದೆ, ಹಾಗಾಗಿ ಅದಕ್ಕೆ ಅಡ್ಡಪರಿಣಾಮವೇ ಇಲ್ಲ ಎಂದು ಹಲವರು ನಂಬಿದ್ದಾರೆ. ಈ ದಾರಿಯಲ್ಲಿ ಮೊದಲು ಹಠ ಹಿಡಿದು ನಡೆದ ವೈದ್ಯರ ಬದುಕನ್ನು ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ.

ವಿಲಿಯಂ ಕೋಲಿ ಹುಟ್ಟಿದ್ದು 1862ರಲ್ಲಿ, ಅಮೆರಿಕದ ಕನೆಕ್ಟಿಕಟ್‌ನಲ್ಲಿ. ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದಿ ನ್ಯೂಯಾರ್ಕ್‌ನಲ್ಲಿ ಶಸ್ತ್ರಚಿಕಿತ್ಸಕರಾದರು. 1890ರಲ್ಲಿ ಹದಿನೇಳರ ಹುಡುಗಿಯೊಬ್ಬಳು ಕೈನೋವೆಂದು ಅವರ ಬಳಿ ಬಂದಳು. ಅದು ಮೂಳೆಯ ಕ್ಯಾನ್ಸರ್. ಕೈ ಕತ್ತರಿಸಿದರೂ ಕೆಲವೇ ತಿಂಗಳಲ್ಲಿ ಹುಡುಗಿ ತೀರಿಕೊಂಡಳು. ಆ ಸಾವು ಕೋಲಿಯವರನ್ನು ಬಿಡಲಿಲ್ಲ.

ಅವರು ಆಸ್ಪತ್ರೆಯ ಹಳೆಯ ಕಡತಗಳನ್ನು ತಡಕಾಡಿದರು. ಸ್ಟೈನ್ ಎಂಬ ವಲಸಿಗನ ಕತ್ತಿನ ಗೆಡ್ಡೆ ಶಸ್ತ್ರಚಿಕಿತ್ಸೆಗೂ ಬಗ್ಗಿರಲಿಲ್ಲ. ಆದರೆ ಎರಿಸಿಪೆಲಸ್ ಎಂಬ ಚರ್ಮದ ಸೋಂಕು ತಗುಲಿ ವಿಪರೀತ ಜ್ವರ ಬಂದ ಮೇಲೆ ಅದು ಕರಗಿಹೋಗಿತ್ತು. ಕೋಲಿ ಬೀದಿ ಬೀದಿ ಅಲೆದು ಆತನನ್ನು ಹುಡುಕಿದರು. ಸುಮಾರು ಏಳು ವರ್ಷಗಳ ನಂತರವೂ ಆತ ಗಟ್ಟಿಮುಟ್ಟಾಗಿದ್ದ!

1891ರಲ್ಲಿ ಕೋಲಿ, ಜೋಲಾ ಎಂಬ ರೋಗಿಗೆ ಜೀವಂತ ಬ್ಯಾಕ್ಟೀರಿಯಾವನ್ನೇ ಚುಚ್ಚಿದರು. ಪ್ರಾಣಕ್ಕೇ ಸಂಚಕಾರ ತರುವಂಥ ಜ್ವರ ಬಂತು, ಗೆಡ್ಡೆಯೂ ಕುಗ್ಗಿತು. ಆತ ಇನ್ನೂ ಎಂಟು ವರ್ಷ ಬದುಕಿದ. ಆದರೆ ಇದೇ ಪ್ರಯೋಗದಲ್ಲಿ ಇಬ್ಬರು ರೋಗಿಗಳು ಸೋಂಕಿನಿಂದಲೇ ಸತ್ತರು. ಇಂದಾಗಿದ್ದರೆ ನೈತಿಕ ಸಮಿತಿ ಇಂಥದ್ದಕ್ಕೆ ಒಪ್ಪಿಗೆಯನ್ನೇ ಕೊಡುತ್ತಿರಲಿಲ್ಲ.

1893ರಿಂದ ಅವರು ಸತ್ತ ಬ್ಯಾಕ್ಟೀರಿಯಾಗಳ ಮಿಶ್ರಣಕ್ಕೆ ಬದಲಾದರು. ಹೊಟ್ಟೆಯಲ್ಲಿ ದೊಡ್ಡ ಗೆಡ್ಡೆಯಿದ್ದ ಮೊದಲ ರೋಗಿ 26 ವರ್ಷ ಬದುಕಿ, ಕೊನೆಗೆ ಹೃದಯಾಘಾತದಿಂದ ತೀರಿಕೊಂಡ. ಆದರೂ ಕೆಲವರಿಗೆ ಗುಣವಾಗುತ್ತಿತ್ತು, ಹಲವರಿಗೆ ಇಲ್ಲ. ಮಿಶ್ರಣದ ತಯಾರಿಕೆಯಲ್ಲೂ ಪ್ರಮಾಣದಲ್ಲೂ ಏಕರೂಪತೆ ಇರಲಿಲ್ಲ. ಅದು ಹೇಗೆ ಕೆಲಸ ಮಾಡುತ್ತದೆಂದು ಅವರಿಗೂ ವಿವರಿಸಲಾಗಲಿಲ್ಲ. ಅವರದೇ ಆಸ್ಪತ್ರೆಯ ಜೇಮ್ಸ್ ಯೂಯಿಂಗ್ ವಿಕಿರಣ ಚಿಕಿತ್ಸೆಯ ಪರ ನಿಂತು ಇದನ್ನು ಬಲವಾಗಿ ವಿರೋಧಿಸಿದರು. ಯೂಯಿಂಗ್ ಅನುಮಾನಪಟ್ಟದ್ದರಲ್ಲಿ ತಪ್ಪಿತ್ತೆಂದು ನಮಗನಿಸುವುದಿಲ್ಲ. ಕೋಲಿ 1936ರಲ್ಲಿ ನಿಧನರಾದರು. ಮಗಳು ಹೆಲೆನ್ ತಂದೆಯ ದಾಖಲೆಗಳನ್ನೆಲ್ಲ ಒಟ್ಟುಗೂಡಿಸಿ 1953ರಲ್ಲಿ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟಿದರು.

ಇಂದು ಹೆಚ್ಚು ಬಳಕೆಯಲ್ಲಿರುವ ಇಮ್ಯುನೋಥೆರಪಿ ಔಷಧಗಳು ಬೇರೆ. ಅವು ಟಿ ಕೋಶಗಳ ಬ್ರೇಕ್ ಸಡಿಲಿಸುತ್ತವೆ. ಈ ಬ್ರೇಕ್ ಕುರಿತ ಸಂಶೋಧನೆಗೆ ಆಲಿಸನ್ ಮತ್ತು ಹೊಂಜೊ 2018ರಲ್ಲಿ ನೊಬೆಲ್ ಪಡೆದರು. ಆದರೆ ಬ್ರೇಕ್ ಸಡಿಲವಾದ ಟಿ ಕೋಶಗಳು ಕರುಳು, ಶ್ವಾಸಕೋಶ, ಥೈರಾಯ್ಡ್, ಯಕೃತ್ತು, ಅಪರೂಪಕ್ಕೆ ಹೃದಯದ ಮೇಲೂ ಎರಗಬಹುದು. ಚಿಕಿತ್ಸೆ ನಿಲ್ಲಿಸಿ ತಿಂಗಳುಗಳಾದ ಮೇಲೂ ಹೀಗಾಗುವುದುಂಟು.

ಚಿಂತಾಮಣಿ, ಶಿಡ್ಲಘಟ್ಟದಿಂದ ಬೆಂಗಳೂರಿಗೆ ಹೋಗಿ ಡ್ರಿಪ್ ಹಾಕಿಸಿಕೊಂಡು ಸಂಜೆಗೆ ಮನೆ ಸೇರುವವರು ಇದನ್ನು ತಿಳಿದಿರಬೇಕು. ದಿನಕ್ಕೆ ನಾಲ್ಕೈದು ಸಲ ಭೇದಿಯಾದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಸುಮ್ಮನಿರಬಾರದು. ಹೊಸದಾಗಿ ಕೆಮ್ಮು, ಉಬ್ಬಸ, ಎದೆನೋವು, ಕಾಮಾಲೆ, ವಿಪರೀತ ಸುಸ್ತು ಕಂಡರೂ ಅಷ್ಟೆ. ಬೇಗ ಗುರುತಿಸಿದರೆ ಹೆಚ್ಚಿನವು ಸ್ಟೀರಾಯ್ಡ್‌ಗೆ ಬಗ್ಗುತ್ತವೆ. ಆ ಸ್ಟೀರಾಯ್ಡನ್ನು ತಾವಾಗಿ ಶುರು ಮಾಡುವುದೂ, ತಟ್ಟನೆ ನಿಲ್ಲಿಸುವುದೂ ಅಪಾಯ. ರಾತ್ರಿ ಹೊತ್ತು ಗೌರಿಬಿದನೂರಿನ ತಾಲ್ಲೂಕು ಆಸ್ಪತ್ರೆಗೇ ಹೋಗಬೇಕಾಗಿ ಬಂದರೆ, ಕೊಡುತ್ತಿರುವುದು ಕೀಮೋ ಅಲ್ಲ, ಇಮ್ಯುನೋಥೆರಪಿ ಎಂದು ಮೊದಲೇ ಹೇಳಿ, ಔಷಧದ ಹೆಸರಿರುವ ಚೀಟಿ ತೋರಿಸಿ.