ಬಡವರ ತಟ್ಟೆಯಲ್ಲಿ ರೋಗದ ಮೂಲ ಕಂಡ ವೈದ್ಯ

ಒಂದೇ ಊರಿನಲ್ಲಿ ಕೆಲವರಿಗೆ ಮಾತ್ರ ಒಂದು ಕಾಯಿಲೆ ಏಕೆ ಬರುತ್ತದೆ ಎಂದು ಕೇಳಿದರೆ ನೀವು ಏನು ಹೇಳುವಿರಿ? ರೋಗಾಣು ಎನ್ನಬಹುದು, ವಂಶದ ಗುಣ ಎನ್ನಬಹುದು. ಕುಟುಂಬದ ಆದಾಯವೂ ಅದಕ್ಕೆ ಕಾರಣವಾಗಬಲ್ಲದು ಎಂದು ಲೆಕ್ಕವಿಟ್ಟು ತೋರಿಸಿದವರು ಡಾ. ಜೋಸೆಫ್ ಗೋಲ್ಡ್‌ಬರ್ಗರ್.

ಅವರು ಹುಟ್ಟಿದ್ದು 1874ರಲ್ಲಿ, ಆಗಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಒಂದು ಬಡ ಯಹೂದಿ ಕುಟುಂಬದಲ್ಲಿ. ಬಾಲ್ಯದಲ್ಲೇ ಅಮೆರಿಕಕ್ಕೆ ವಲಸೆ ಬಂದರು. ನ್ಯೂಯಾರ್ಕಿನಲ್ಲಿ ಹೆತ್ತವರು ಸಣ್ಣ ದಿನಸಿ ಅಂಗಡಿ ನಡೆಸುತ್ತಿದ್ದರು. ಇಂಜಿನಿಯರಿಂಗ್ ಓದಲು ಹೊರಟ ಹುಡುಗ ಮನಸ್ಸು ಬದಲಿಸಿ ವೈದ್ಯಕೀಯಕ್ಕೆ ಸೇರಿ 1895ರಲ್ಲಿ ಪದವಿ ಪಡೆದರು. 1899ರಲ್ಲಿ ಸರ್ಕಾರಿ ಆರೋಗ್ಯ ಸೇವೆಗೆ ಸೇರಿದರು. ಸಾಂಕ್ರಾಮಿಕ ರೋಗಗಳ ಬೆನ್ನು ಹತ್ತಿ ಹೋದ ಅವರಿಗೆ ಹಳದಿ ಜ್ವರ, ಡೆಂಗ್ಯೂ, ಟೈಫಸ್ ಮೂರೂ ತಗಲಿದವು. ಆದರೂ ಬದುಕುಳಿದರು.

ಆ ಕಾಲದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪೆಲಾಗ್ರ ಎಂಬ ರೋಗ ಹಬ್ಬಿತ್ತು. ಬಿಸಿಲು ಬಿದ್ದ ಚರ್ಮ ಸುಟ್ಟಂತಾಗುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ, ಸಾವು. ಇದು ಅಂಟುರೋಗವೆಂದು ಬಹುಪಾಲು ವೈದ್ಯರು ನಂಬಿದ್ದರು. ಬಡವರ ವಂಶದಲ್ಲೇ ಇರುವ ದೌರ್ಬಲ್ಯವೆಂದು ವಾದಿಸಿದವರೂ ಇದ್ದರು. 1914ರಲ್ಲಿ ಇದರ ತನಿಖೆ ಗೋಲ್ಡ್‌ಬರ್ಗರ್ ಹೆಗಲಿಗೆ ಬಿತ್ತು.

ಅನಾಥಾಲಯ, ಹುಚ್ಚಾಸ್ಪತ್ರೆಗಳನ್ನು ಸುತ್ತಿದ ಅವರಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಒಳಗಿದ್ದವರಿಗೆ ಪೆಲಾಗ್ರ ಬರುತ್ತಿತ್ತು, ಅವರನ್ನೇ ನೋಡಿಕೊಳ್ಳುವ ಸಿಬ್ಬಂದಿಗೆ ಬರುತ್ತಿರಲಿಲ್ಲ. ಅಂಟುರೋಗ ಹೀಗೆ ಆಳು-ಒಡೆಯ ಎಂದು ನೋಡಿ ಬರುವುದುಂಟೇ? ವ್ಯತ್ಯಾಸವಿದ್ದದ್ದು ಊಟದಲ್ಲಿ. ಮಿಸಿಸಿಪ್ಪಿಯ ಎರಡು ಅನಾಥಾಲಯಗಳ ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ, ಕಾಳು ಕೊಡಿಸಿದಾಗ ರೋಗ ಮಾಯವಾಯಿತು. 1915ರಲ್ಲಿ ಬಿಡುಗಡೆಯ ಭರವಸೆ ಪಡೆದು ಒಪ್ಪಿದ 11 ಕೈದಿಗಳಿಗೆ ಮುಖ್ಯವಾಗಿ ಮೆಕ್ಕೆಜೋಳದ ಆಹಾರವನ್ನೇ ಕೊಟ್ಟಾಗ ಆರು ಮಂದಿಗೆ ರೋಗ ಬಂತು. ಇಂತಹ ಪ್ರಯೋಗವನ್ನು ಇಂದಿನ ವೈದ್ಯಕೀಯ ನೀತಿ ಒಪ್ಪದು ಎಂಬುದನ್ನೂ ನೀವು ನೆನಪಿಡಬೇಕು.

ಟೀಕಾಕಾರರು ಒಪ್ಪಲಿಲ್ಲ. ಆಗ 1916ರಲ್ಲಿ ಗೋಲ್ಡ್‌ಬರ್ಗರ್ ಮತ್ತು ಸಹೋದ್ಯೋಗಿಗಳು ರೋಗಿಗಳ ರಕ್ತವನ್ನು ತಮ್ಮ ಮೈಗೇ ಚುಚ್ಚಿಸಿಕೊಂಡರು, ಮಲಮೂತ್ರ ಬೆರೆಸಿದ ಗುಳಿಗೆ ನುಂಗಿದರು. ಪತ್ನಿ ಮೇರಿಯೂ ರಕ್ತ ಚುಚ್ಚಿಸಿಕೊಂಡರು. ಯಾರಿಗೂ ಪೆಲಾಗ್ರ ಬರಲಿಲ್ಲ.

ಇಲ್ಲಿಗೆ ನಿಂತಿದ್ದರೆ ಅವರು ಒಳ್ಳೆಯ ವೈದ್ಯ ಮಾತ್ರ ಆಗಿರುತ್ತಿದ್ದರು. ಅವರು ಇನ್ನೊಂದು ಪ್ರಶ್ನೆ ಕೇಳಿದರು: ಈ ಜನ ಸರಿಯಾದ ಊಟ ಮಾಡದಿರಲು ಕಾರಣವೇನು? ಅರ್ಥಶಾಸ್ತ್ರಜ್ಞ ಎಡ್ಗರ್ ಸಿಡೆನ್‌ಸ್ಟ್ರಿಕರ್ ಜೊತೆ ಸೇರಿ ಸೌತ್ ಕೆರೊಲಿನಾದ ಹತ್ತಿಗಿರಣಿ ಹಳ್ಳಿಗಳಲ್ಲಿ ಮನೆಮನೆಯ ಆದಾಯ, ಆಹಾರ, ರೋಗ ಮೂರನ್ನೂ ದಾಖಲಿಸಿದರು. ಆದಾಯ ಇಳಿದಂತೆ ರೋಗ ಏರುತ್ತಿತ್ತು. ಹೊಲವೆಲ್ಲ ಹತ್ತಿ ಬೆಳೆದದ್ದರಿಂದ ತರಕಾರಿಗೆ, ಹಸು ಮೇಯಿಸಲು ಜಾಗವಿರಲಿಲ್ಲ. ಪಾಲಿಗೆ ದುಡಿಯುವ ರೈತನಿಗೆ ಸಾಲವೇ ಗತಿ. 1920ರಲ್ಲಿ ಹತ್ತಿ ಬೆಲೆ ಕುಸಿದಾಗ ಪೆಲಾಗ್ರ ಹೆಚ್ಚಲಿದೆ ಎಂದು ಅವರು ಎಚ್ಚರಿಸಿದರು. ತಮ್ಮ ನಾಡಿಗೆ ಕೆಟ್ಟ ಹೆಸರು ಬರುತ್ತದೆಂದು ದಕ್ಷಿಣದ ರಾಜಕಾರಣಿಗಳು ಸಿಟ್ಟಾದರು.

ಭೂಮಿ, ಕೂಲಿಯ ವ್ಯವಸ್ಥೆ ಬದಲಿಸುವುದು ಒಬ್ಬ ವೈದ್ಯನ ಕೈಯಲ್ಲಿರಲಿಲ್ಲ. ಅಗ್ಗದ ಯೀಸ್ಟ್ ಪೆಲಾಗ್ರವನ್ನು ತಡೆಯುತ್ತದೆಂದು ಅವರು ಕಂಡುಹಿಡಿದರು. 1927ರ ಮಿಸಿಸಿಪ್ಪಿ ಪ್ರವಾಹದ ನಂತರ ರೆಡ್ ಕ್ರಾಸ್ ಅದನ್ನು ಹಂಚಿತು. 1929ರಲ್ಲಿ ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಕೊರತೆಯಾಗಿದ್ದ ವಸ್ತು ನಯಾಸಿನ್ ಎಂಬ ಜೀವಸತ್ವವೆಂದು 1937ರಲ್ಲಿ ಕಾನ್ರಾಡ್ ಎಲ್ವೆಜೆಮ್ ಅವರ ಸಂಶೋಧನೆಯಿಂದ ತಿಳಿಯಿತು. ಮೆಕ್ಕೆಜೋಳದಲ್ಲಿ ನಯಾಸಿನ್ ಇದ್ದರೂ ದೇಹಕ್ಕೆ ದಕ್ಕುವುದಿಲ್ಲ. ಅಮೆರಿಕದ ಮೂಲನಿವಾಸಿಗಳು ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಿದ್ದುದರಿಂದ ಅವರಿಗೆ ಅದು ದಕ್ಕುತ್ತಿತ್ತು.

ಇದು ದೂರದ ಕಥೆಯೆಂದು ಭಾವಿಸಬೇಡಿ. ಜೋಳವನ್ನೇ ನೆಚ್ಚಿಕೊಂಡ ದಖನ್ ಪ್ರದೇಶದ ಬಡವರಲ್ಲೂ ಪೆಲಾಗ್ರ ಇರುವುದನ್ನು 1960ರ ದಶಕದಲ್ಲಿ ಹೈದರಾಬಾದಿನ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ಅಧ್ಯಯನ ಮಾಡಿದರು.

ನಿಮ್ಮಲ್ಲಿ ಕೆಲವರು ನಾಳೆ ವೈದ್ಯರಾಗುವಿರಿ, ಕೆಲವರು ಶಿಕ್ಷಕರು, ಅಧಿಕಾರಿಗಳು. ರೋಗಿಯೊಬ್ಬ ಎದುರು ಬಂದಾಗ ಅವನ ನಾಡಿಯನ್ನಷ್ಟೇ ಹಿಡಿಯಬೇಡಿ. ನಿನ್ನೆ ಏನು ಉಂಡೆ, ದಿನಕ್ಕೆ ಎಷ್ಟು ಕೂಲಿ ಎಂದೂ ಕೇಳಿ.