ಜ್ವಾಲೆಯನ್ನು ಓದಿದ ಬುನ್‌ಸೆನ್

ರಸಾಯನಶಾಸ್ತ್ರದ ಪ್ರಯೋಗಶಾಲೆಯನ್ನು ಒಮ್ಮೆಯಾದರೂ ಹೊಕ್ಕವರೆಲ್ಲರೂ ಬುನ್‌ಸೆನ್ ದೀಪವನ್ನು ಬಲ್ಲರು. ಬುನ್‌ಸೆನ್ ಎಂಬ ಮನುಷ್ಯನನ್ನು ಬಲ್ಲವರು ವಿರಳ. ನಾನೀಗ ಇತಿಹಾಸದ ವಿದ್ಯಾರ್ಥಿ. ಆದರೂ ಪದವಿಪೂರ್ವ ತರಗತಿಯಲ್ಲಿ ಆ ದೀಪದ ಮುಂದೆ ನಿಂತು, ಪೊಟ್ಟಣದಲ್ಲಿ ಕೊಟ್ಟ ಹೆಸರಿಲ್ಲದ ಬಿಳಿಯ ಪುಡಿ ಯಾವ ಲವಣವೆಂದು ಹುಡುಕಿದವನು. ಈ ವಿದ್ಯೆ ಪರೀಕ್ಷೆಯ ಅಂಕಗಳಿಗಾಗಿ ಹುಟ್ಟಿದ್ದಲ್ಲವೆಂಬುದು ಬುನ್‌ಸೆನ್ನನ ಜೀವನವನ್ನು ಓದಿದ ಮೇಲೆ ನನಗೆ ಮನವರಿಕೆಯಾಯಿತು.

ರಾಬರ್ಟ್ ವಿಲ್‌ಹೆಲ್ಮ್ ಬುನ್‌ಸೆನ್ 1811ರಲ್ಲಿ ಜರ್ಮನಿಯ ಗಾಟಿಂಗೆನ್ ಪಟ್ಟಣದಲ್ಲಿ ಜನಿಸಿದನು. ತಂದೆ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಭಾಷೆಗಳ ಪ್ರಾಧ್ಯಾಪಕ. ಮಗನಾದರೋ ಇಪ್ಪತ್ತು ತುಂಬುವ ಹೊತ್ತಿಗೆ ರಸಾಯನಶಾಸ್ತ್ರದಲ್ಲಿ ಡಾಕ್ಟರ್ ಪದವಿ ಪಡೆದಿದ್ದನು. ಆರ್ಸೆನಿಕ್ ವಿಷಕ್ಕೆ ಆಗತಾನೆ ತಯಾರಿಸಿದ ಕಬ್ಬಿಣದ ಹೈಡ್ರಾಕ್ಸೈಡ್ ಮದ್ದಾಗಬಲ್ಲದೆಂದು 1834ರಲ್ಲಿ ತನ್ನ ಸಹೋದ್ಯೋಗಿಯೊಡನೆ ತೋರಿಸಿಕೊಟ್ಟನು. ಮುಂದೆ ಅದೇ ಆರ್ಸೆನಿಕ್ಕಿನ ಸಂಯುಕ್ತಗಳೊಡನೆ ಅವನ ಯೌವನದ ಹಲವು ವರ್ಷಗಳು ಕಳೆದುವು. ಕ್ಯಾಕೊಡಿಲ್ ಎಂಬ ಆ ವಸ್ತುಗಳು ದುರ್ವಾಸನೆಗೂ ವಿಷಕ್ಕೂ ಹೆಸರಾದವು. ಗಾಳಿ ಸೋಕಿದರೆ ಹೊತ್ತಿಕೊಳ್ಳುವಂಥವೂ ಅವುಗಳಲ್ಲಿದ್ದುವು. ಒಂದು ದಿನ ಪಾತ್ರೆ ಸಿಡಿದು ಗಾಜಿನ ಚೂರು ಬಲಗಣ್ಣಿಗೆ ಹೊಕ್ಕಿತು. ಆ ಕಣ್ಣಿನ ದೃಷ್ಟಿ ಶಾಶ್ವತವಾಗಿ ಹೋಯಿತು. ವಿಷವೇರಿ ಪ್ರಾಣವೇ ಹೋಗುವಂತಾಗಿ ಉಳಿದುಕೊಂಡನು. ಚೇತರಿಸಿಕೊಂಡವನು ಮರಳಿ ಪ್ರಯೋಗಶಾಲೆಗೇ ಹೋದನು.

1852ರಲ್ಲಿ ಆತ ಹೈಡಲ್‌ಬರ್ಗ್ ವಿಶ್ವವಿದ್ಯಾನಿಲಯಕ್ಕೆ ಬಂದನು. ಆಗಿನ ಅನಿಲದೀಪಗಳ ಜ್ವಾಲೆ ತಾನೇ ಹಳದಿಯಾಗಿ, ಮಸಿ ಕಾರುತ್ತ ಉರಿಯುತ್ತಿತ್ತು. ಅನಿಲ ಹೊತ್ತಿಕೊಳ್ಳುವ ಮೊದಲೇ ಅದರೊಡನೆ ಗಾಳಿಯನ್ನು ಬೆರೆಸಿದರೆ ಬಣ್ಣವಿಲ್ಲದ, ಹೆಚ್ಚು ಬಿಸಿಯಾದ ಜ್ವಾಲೆ ದೊರೆಯುವುದೆಂದು ಬುನ್‌ಸೆನ್ ಕಂಡುಕೊಂಡನು. ಅವನ ಆಲೋಚನೆಯಂತೆ ವಿಶ್ವವಿದ್ಯಾನಿಲಯದ ಕುಶಲಕರ್ಮಿ ಪೀಟರ್ ಡೆಸಾಗ 1855ರಲ್ಲಿ ದೀಪವನ್ನು ಮಾಡಿಕೊಟ್ಟನು. ಬುನ್‌ಸೆನ್ ಅದಕ್ಕೆ ಹಕ್ಕುಪತ್ರ ಪಡೆಯಲಿಲ್ಲ. ಬೇಕಾದವರು ಮಾಡಿಕೊಳ್ಳಲೆಂದು ಬಿಟ್ಟನು.

ಬಣ್ಣವಿಲ್ಲದ ಜ್ವಾಲೆಯಲ್ಲಿ ಲವಣದ ಬಣ್ಣ ಎದ್ದು ಕಾಣುತ್ತದೆ. ಪ್ಲಾಟಿನಂ ತಂತಿಯ ತುದಿಯಲ್ಲಿ ಚಿಟಿಕೆ ಲವಣ ಹಿಡಿದರೆ ಸೋಡಿಯಂ ಹಳದಿ, ಪೊಟ್ಯಾಸಿಯಂ ನಸುನೇರಳೆ, ಬೇರಿಯಂ ಹಸಿರು. ಆದರೆ ಕಣ್ಣನ್ನು ಪೂರ್ತಿ ನಂಬುವಂತಿಲ್ಲ. ಎಳ್ಳಷ್ಟು ಸೋಡಿಯಂ ಬೆರೆತಿದ್ದರೂ ಅದರ ಹಳದಿ ಪೊಟ್ಯಾಸಿಯಮ್ಮಿನ ಬಣ್ಣವನ್ನು ನುಂಗಿಬಿಡುತ್ತದೆ. ಲಿಥಿಯಂ, ಸ್ಟ್ರಾನ್ಷಿಯಂ ಎರಡೂ ಕೆಂಪೇ. ಬುನ್‌ಸೆನ್ ನೀಲಿ ಗಾಜಿನ ಮೂಲಕ ನೋಡಿ ಇವುಗಳನ್ನು ಬೇರ್ಪಡಿಸಲು ಯತ್ನಿಸುತ್ತಿದ್ದಾಗ, ಗೆಳೆಯನೂ ಭೌತವಿಜ್ಞಾನಿಯೂ ಆದ ಕಿರ್ಖಾಫ್ ಆ ಬೆಳಕನ್ನು ಗಾಜಿನ ಪಟ್ಟಕದಲ್ಲಿ ಹಾಯಿಸಿ ನೋಡುವಂತೆ ಸೂಚಿಸಿದನು. ಒಂದು ಪಟ್ಟಕ, ಒಂದು ಚುಟ್ಟಾ ಪೆಟ್ಟಿಗೆ, ಹಳೆಯ ದೂರದರ್ಶಕಗಳ ಎರಡು ತುಂಡುಗಳು—ಇಷ್ಟರಿಂದ 1859ರಲ್ಲಿ ಅವರ ರೋಹಿತದರ್ಶಕ ಸಿದ್ಧವಾಯಿತು. ಒಂದೊಂದು ಲೋಹಕ್ಕೂ ತನ್ನದೇ ಆದ ಗೆರೆಗಳು! ಒಂದು ಮಿಲಿಗ್ರಾಂನ ಹತ್ತು ಲಕ್ಷ ಪಾಲಿನಲ್ಲಿ 3 ಪಾಲಿಗಿಂತ ಕಡಿಮೆ ಸೋಡಿಯಂ ಲವಣವಿದ್ದರೂ ಆ ಉಪಕರಣ ಅದನ್ನು ಗುರುತಿಸಬಲ್ಲದಾಗಿತ್ತು.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಇದರ ಮುಂದಿನ ಸಂಗತಿ. 1860ರಲ್ಲಿ ಬುನ್‌ಸೆನ್ ಡ್ಯುರ್ಕ್‌ಹೈಮ್ ಎಂಬ ಊರಿನ ಬುಗ್ಗೆಯ ಖನಿಜಜಲವನ್ನು ಪರೀಕ್ಷಿಸುತ್ತಿದ್ದನು. ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ, ಮೆಗ್ನೀಸಿಯಂ, ಲಿಥಿಯಂ ಇವುಗಳನ್ನೆಲ್ಲ ತೆಗೆದ ಮೇಲೆ ಉಳಿದ ದ್ರವದ ಒಂದು ಹನಿಯನ್ನು ಜ್ವಾಲೆಗೆ ಹಿಡಿದನು. ಅದುವರೆಗೆ ತಿಳಿದಿದ್ದ ಯಾವ ಮೂಲವಸ್ತುವಿಗೂ ಸೇರದ ಎರಡು ನೀಲಿ ಗೆರೆಗಳು ಕಂಡುವು. ಹೊಸ ಮೂಲವಸ್ತುವಿಗೆ ಸೀಸಿಯಂ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಆಗಸದ ನೀಲಿ ಎಂದರ್ಥ. ಆದರೆ ಗೆರೆ ಕಂಡುದಕ್ಕೇ ಆತ ತೃಪ್ತನಾಗಲಿಲ್ಲ. ವಸ್ತು ಕೈಗೆ ಸಿಕ್ಕಿ, ಅದರ ಗುಣಗಳನ್ನು ಪರೀಕ್ಷಿಸಬೇಕಾಗಿತ್ತು. ಅದಕ್ಕಾಗಿ 40,000 ಕಿಲೋಗ್ರಾಂಗೂ ಮಿಕ್ಕಿ ಖನಿಜಜಲವನ್ನು ಇಂಗಿಸಲಾಯಿತು. ದೊರೆತ ಸೀಸಿಯಂ ಕ್ಲೋರೈಡ್ ಸುಮಾರು 7 ಗ್ರಾಂ ಮಾತ್ರ! ಮರುವರ್ಷ, 1861ರಲ್ಲಿ, ಲೆಪಿಡೊಲೈಟ್ ಎಂಬ ಖನಿಜದಲ್ಲಿ ಕಡುಗೆಂಪು ಗೆರೆಗಳಿಂದ ರುಬಿಡಿಯಂ ಗುರುತು ಸಿಕ್ಕಿತು.

ಶಾಸನವೊಂದರ ಮಾತನ್ನೇ ನೆಚ್ಚಿ ತೀರ್ಮಾನಕ್ಕೆ ಬರಬಾರದು, ಬೇರೆ ಸಾಕ್ಷ್ಯವೂ ಬೇಕು ಎಂಬುದು ಇತಿಹಾಸದ ತರಗತಿಯಲ್ಲಿ ನಾವು ಕಲಿಯುವ ಮೊದಲ ಪಾಠ. ಲವಣ ಪರೀಕ್ಷೆಯ ಕೊನೆಯಲ್ಲಿ ದೃಢೀಕರಣ ಪರೀಕ್ಷೆಯನ್ನು ಇಟ್ಟಿರುವುದೂ ಇದಕ್ಕಾಗಿಯೇ. ನಾವು ನಿರೀಕ್ಷಿಸಿದ ಬಣ್ಣ ಕಂಡೊಡನೆ ಉತ್ತರ ಬರೆದು ಪ್ರನಾಳವನ್ನು ತೊಳೆದಿಟ್ಟುಬಿಡುತ್ತೇವೆ. ತಿಳಿದುದೆಲ್ಲ ಮುಗಿದ ಮೇಲೂ ತಳದಲ್ಲಿ ಏನು ಉಳಿಯಿತೆಂದು ನೋಡುವ ತಾಳ್ಮೆ ಬುನ್‌ಸೆನ್ನನಿಗಿತ್ತು. ಆ ಉಳಿಕೆಯಲ್ಲಿಯೇ ಸೀಸಿಯಂ ಅಡಗಿತ್ತು.

ಬುನ್‌ಸೆನ್ ಮದುವೆಯಾಗಲಿಲ್ಲ. ಪ್ರಯೋಗಶಾಲೆಯೇ ಅವನ ಸಂಸಾರ, ಶಿಷ್ಯರೇ ಬಳಗ. 1889ರಲ್ಲಿ, 78ನೆಯ ವಯಸ್ಸಿನಲ್ಲಿ ನಿವೃತ್ತನಾಗಿ, 1899ರ ಆಗಸ್ಟ್ 16ರಂದು ಹೈಡಲ್‌ಬರ್ಗಿನಲ್ಲಿ ತೀರಿಕೊಂಡನು. ಅವನೂ ಕಿರ್ಖಾಫನೂ ತೋರಿದ ದಾರಿಯಲ್ಲಿ ನಡೆದು ಥ್ಯಾಲಿಯಂ, ಇಂಡಿಯಂಗಳನ್ನು ಇತರರು ಕಂಡುಹಿಡಿದರು. ಸೂರ್ಯನಲ್ಲಿ ಯಾವ ಯಾವ ಲೋಹಗಳಿವೆಯೆಂಬುದೂ ತಿಳಿಯಿತು. ವಿಜ್ಞಾನ ವಿಭಾಗದ ಗೆಳೆಯರು ಇನ್ನೊಮ್ಮೆ ದೀಪದ ಗಾಳಿಕಿಂಡಿಯನ್ನು ತಿರುಗಿಸಿ ಹಳದಿ ಜ್ವಾಲೆಯನ್ನು ತಿಳಿಯಾಗಿಸುವಾಗ, ಒಂದೇ ಕಣ್ಣಿನಿಂದ ಇಷ್ಟನ್ನು ಕಂಡ ಆ ಹಿರಿಯನನ್ನು ನೆನೆದುಕೊಳ್ಳಲಿ.