ಒಂದೇ ರಾತ್ರಿ ಮೂರು ಸಾವು: ಡಾ. ಐಡಾ ಸ್ಕಡರ್ ಬದುಕು ಹೇಳುವುದೇನು?

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎನ್ನುವ ಮಾತನ್ನು ನಾವೆಲ್ಲ ಕೇಳಿದ್ದೇವೆ. ಹೆರಿಗೆಯಲ್ಲಿ ತಾಯಿ ತೀರಿಕೊಂಡರೆ ಹಣೆಬರಹ ಎಂದು ಸುಮ್ಮನಾಗುವುದೂ ಉಂಟು. ಇದು ನಿಜವಾಗಿ ಹಣೆಬರಹವೇ? ವೆಲ್ಲೂರಿನ ಸಿಎಂಸಿ ಆಸ್ಪತ್ರೆಯನ್ನು ಕಟ್ಟಿದ ಐಡಾ ಸ್ಕಡರ್ ಅವರ ಬದುಕಿನಲ್ಲಿ ಇದಕ್ಕೆ ಉತ್ತರವಿದೆ.

ಐಡಾ ಹುಟ್ಟಿದ್ದು 1870ರಲ್ಲಿ, ಇಂದಿನ ತಮಿಳುನಾಡಿನ ರಾಣಿಪೇಟೆಯಲ್ಲಿ. ಅವರದು ಅಮೆರಿಕದ ಮಿಷನರಿ ವೈದ್ಯರ ಮನೆತನವಾದರೂ ಅವರಿಗೆ ವೈದ್ಯೆಯಾಗುವ ಆಸೆ ಇರಲಿಲ್ಲ. ಅಮೆರಿಕದಲ್ಲಿ ಓದಿ, ಕಾಯಿಲೆಬಿದ್ದ ತಾಯಿಯನ್ನು ನೋಡಿಕೊಳ್ಳಲು ತಿಂಡಿವನಕ್ಕೆ ಬಂದಿದ್ದಾಗ, ಒಂದೇ ರಾತ್ರಿ ಮೂವರು ಗಂಡಸರು ಒಬ್ಬರ ಹಿಂದೊಬ್ಬರು ಮನೆಬಾಗಿಲಿಗೆ ಬಂದರು. ಮೂವರ ಹೆಂಡತಿಯರೂ ಹೆರಿಗೆಯಾಗದೆ ಒದ್ದಾಡುತ್ತಿದ್ದರು. ಐಡಾ ಅವರ ತಂದೆ ವೈದ್ಯರು. ಆದರೆ ಹೆರಿಗೆ ಕೋಣೆಗೆ ಪರಗಂಡಸು ಬರುವುದು ಆ ಮನೆಗಳವರಿಗೆ ಒಪ್ಪಿಗೆಯಿರಲಿಲ್ಲ. ಐಡಾಗೆ ವೈದ್ಯಕೀಯ ಗೊತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ಸತ್ತಿದ್ದರು.

ವೈದ್ಯರು ಊರಲ್ಲೇ ಇದ್ದರೂ ಚಿಕಿತ್ಸೆ ಅವರನ್ನು ತಲುಪಲಿಲ್ಲ ಎಂಬುದನ್ನು ಗಮನಿಸಿ. ತಾಯಂದಿರ ಸಾವಿನ ಹಿಂದೆ ಮೂರು ವಿಳಂಬಗಳಿರುತ್ತವೆ ಎಂದು 1994ರಲ್ಲಿ ಸಂಶೋಧಕರಾದ ಥಡಿಯಸ್ ಮತ್ತು ಮೇನ್ ವಿವರಿಸಿದರು: ಚಿಕಿತ್ಸೆ ಪಡೆಯಲು ನಿರ್ಧರಿಸುವಲ್ಲಿ, ಆಸ್ಪತ್ರೆ ತಲುಪುವಲ್ಲಿ, ತಲುಪಿದ ಮೇಲೆ ಸರಿಯಾದ ಆರೈಕೆ ಸಿಗುವಲ್ಲಿ. ಆ ಮೂರು ಮನೆಗಳು ಮೊದಲ ಹಂತದಲ್ಲೇ ಸಿಕ್ಕಿಕೊಂಡಿದ್ದವು.

ಐಡಾ ಅವರ ಮುಂದಿನ ಕೆಲಸ ಈ ಮೂರನ್ನೂ ಮುಟ್ಟಿತು. 1899ರಲ್ಲಿ ಅಮೆರಿಕದ ಕಾರ್ನೆಲ್‌ನಲ್ಲಿ ವೈದ್ಯಕೀಯ ಪದವಿ ಪಡೆದು, ಮರುವರ್ಷ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯ ತೆರೆದರು. ಹೆಂಗಸರು ಸಂಕೋಚವಿಲ್ಲದೆ ಬರಬಹುದಾದ ವೈದ್ಯೆ ಸಿಕ್ಕಂತಾಯಿತು. 1902ರಲ್ಲಿ 40 ಹಾಸಿಗೆಗಳ ಆಸ್ಪತ್ರೆ ಬಂತು. ಅಲ್ಲಿಗೂ ಬರಲಾಗದವರಿಗಾಗಿ ಹಳ್ಳಿಗಳ ದಾರಿಯಲ್ಲಿ ಗಾಡಿ ನಿಲ್ಲಿಸಿ ರಸ್ತೆಬದಿಯಲ್ಲೇ ಚಿಕಿತ್ಸೆ ಕೊಟ್ಟರು. ಒಬ್ಬರಿಂದ ಎಷ್ಟು ಹೆರಿಗೆ ಮಾಡಿಸಲು ಸಾಧ್ಯ? ಅದಕ್ಕಾಗಿ 1909ರಲ್ಲಿ ದಾದಿಯರ ಶಾಲೆ, 1918ರಲ್ಲಿ ಮಹಿಳೆಯರಿಗಾಗಿ ವೈದ್ಯಕೀಯ ಶಾಲೆ ಆರಂಭಿಸಿದರು. 1947ರಿಂದ ಅಲ್ಲಿ ಗಂಡುಮಕ್ಕಳಿಗೂ ಪ್ರವೇಶ ಸಿಕ್ಕಿತು. ಐಡಾ 1960ರಲ್ಲಿ ಕೊಡೈಕೆನಾಲ್‌ನಲ್ಲಿ ತೀರಿಕೊಂಡರು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲೂ ಜಗತ್ತಿನಲ್ಲಿ ಸುಮಾರು 2,60,000 ಹೆಂಗಸರು ಬಸಿರು, ಹೆರಿಗೆ, ಬಾಣಂತನದ ತೊಂದರೆಗಳಿಂದ ಸತ್ತರು. ಅತಿಯಾದ ರಕ್ತಸ್ರಾವ, ರಕ್ತದೊತ್ತಡ, ಸೋಂಕು ಇದರ ಮುಖ್ಯ ಕಾರಣಗಳಲ್ಲಿ ಸೇರಿವೆ. ಇವುಗಳಿಗೆಲ್ಲ ಚಿಕಿತ್ಸೆಯಿದೆ, ಅದು ಹೊತ್ತಿಗೆ ಸರಿಯಾಗಿ ಸಿಗಬೇಕಷ್ಟೆ.

ನಮ್ಮ ಮನೆಯಲ್ಲಿ ಬಸುರಿ ಇದ್ದರೆ ಮೂರು ವಿಷಯಗಳನ್ನು ಮೊದಲೇ ತೀರ್ಮಾನಿಸಿಕೊಳ್ಳೋಣ. ತೊಂದರೆ ಕಂಡರೆ ಯಾರ ಒಪ್ಪಿಗೆಗೂ ಕಾಯದೆ ಹೊರಡುವುದು. ಯಾವ ವಾಹನ, 108ಕ್ಕೆ ಕರೆ ಮಾಡುವವರು ಯಾರು ಎಂದು ಗೊತ್ತುಮಾಡಿಕೊಳ್ಳುವುದು. ರಕ್ತ, ಸಿಸೇರಿಯನ್ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆ ಯಾವುದೆಂದು ತಿಳಿದಿರುವುದು.